ಕರೆಮ್ಮ ಮಿಷನ್ ಹತ್ತಿದ್ದಕ್ಕೆ ಜವಾಬು

ನಮ್ಮ ಯೂಟ್ಯೂಬ್ ಚಾನೆಲ್ಲಿನ ಕ್ಯಾಮೆರಾಮನ್ ನಾನು. ನಿರೂಪಕ, ಸಂಪಾದಕ, ಚಹಾ ತರುವವ ಕೂಡ ನಾನೇ. ಸಂಬಳ ಮಾತ್ರ ಒಬ್ಬನದು. ಹಾಗಾಗಿ ಸಾಲಗುಂದದ ಕರೆಮ್ಮ ಸಂದರ್ಶನಕ್ಕೆ ಒಪ್ಪಿದಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಕರೆಮ್ಮ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ‘ನಾಟಿ ಮಿಷನ್‌ಗೆ ಬೆರಳ ಅದಾವೇನು?’ ಎಂದು ಕೇಳುತ್ತ ಆಕೆ ಸಸಿ ಊರುವ ರೀಲ್ಸನ್ನು ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರಿನವರೆಗೆ ನೋಡದವರಿಲ್ಲ. ಹೋದ ವಾರ ಇನ್ನೊಂದು ವಿಡಿಯೊ ಬಂತು: ಹತ್ತಿರದ ಆರ್.ಎಚ್. ಕ್ಯಾಂಪ್ ಊರಿನ ಗದ್ದೆಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು, ನಾಟಿ ಯಂತ್ರದ ಸೀಟಿನ ಮೇಲೆ ಕೇಕೆ ಹಾಕುತ್ತ ಕೂತ ಕರೆಮ್ಮ! ಅಂದಿನಿಂದ ಗುಂಪಿನ ಯಾರೂ ಆಕೆಯನ್ನು ಮಾತಾಡಿಸಿಲ್ಲ. ನಾಳೆ ಹೊಸ ಗದ್ದೆಗೆ ಅವರು ಬರುತ್ತಾರೋ ಇಲ್ಲವೋ, ಅದೇ ಆಕೆಯ ಚಿಂತೆ.

‘ಅಂಜಬ್ಯಾಡ ಯಕ್ಕಾ,’ ಎಂದೆ. ಸಿನಿಮಾದವರ ಸಂದರ್ಶನ ನೋಡಿ ನೋಡಿ ಪಳಗಿದ ಪಂಡಿತ ನಾನು. ‘ಅಡ್ಡ ಪ್ರಶ್ನೆ ಬಂದ್ರ ಮೊದ್ಲು ನಗು. ಅದು ನನ್ನ ವೈಯಕ್ತಿಕ ವಿಷಯ ಅನ್ನು.’

‘ಪ್ರಶ್ನೆ ಕೇಳಾವ ನೀನ ಅಲ್ಲೇನೋ?’

‘ಹೌದು. ಆದ್ರ ಲೈವ್‌ನ್ಯಾಗ ನಾ ಬಾಳ ಖಡಕ್ ಇರ್ತೀನಿ.’

ಬದುವಿನ ಮೇಲೆ ಲೈವ್ ಶುರುವಾಯಿತು. ನೋಡುವವರ ಸಂಖ್ಯೆ ಏರುತ್ತಲೇ ಇತ್ತು. ಗುಂಪಿನ ಹೆಂಗಸರೂ ಬಂದು ದೂರ ನಿಂತರು. ಎಲ್ಲರ ಮುಂದೆ ದಾವಲ್‌ಬೀ, ನಾಟಿಯಲ್ಲಿ ಸದಾ ಕರೆಮ್ಮನ ಪಕ್ಕದ ಸಾಲಿನವಳು, ಸೊಂಟದ ಮೇಲೆ ಕೈಯಿಟ್ಟು.

‘ಮಿಷನ್ ಯಾಕ ಹತ್ತಿದ್ರಿ?’ ಖಡಕ್ಕಾಗಿ ಕೇಳಿದೆ.

ಕರೆಮ್ಮ ನಕ್ಕಳು. ‘ಅದು ನನ್ನ ವೈಯಕ್ತಿಕ ವಿಷಯ.’

‘ಅಯ್ಯ, ವೈಯಕ್ತಿಕ ಅಂತ!’ ದಾವಲ್‌ಬೀ ಕೂಗಿದಳು. ‘ಯಾರು ಕಲಿಸ್ಯಾರಬೇ ನಿನಗ?’

ಕರೆಮ್ಮ ನೇರ ನನ್ನ ಕಡೆ ಬೆರಳು ಮಾಡಿದಳು. ಲೈವ್‌ನ ಕಾಮೆಂಟ್ ತುಂಬ ನಗುವ ಇಮೋಜಿಗಳು. ಆಮೇಲೆ ಕರೆಮ್ಮ ನನ್ನ ಕೈಯಿಂದ ಮೈಕು ಕಸಿದುಕೊಂಡಳು.

‘ಕೇಳ್ರಿಬೇ. ಹುಟ್ಟಿದಾಗಿಂದ ಬಗ್ಗಿಕೊಂಡೇ ಗದ್ದಿ ನೋಡೀನಿ. ಕುಂತು ನೋಡಿದ್ರ ಹೆಂಗ ಕಾಣ್ತೈತಿ ಅಂತ ಆಸಿ ಆತು, ಹತ್ತಿದೆ. ಬಾಳ ಚಂದ ಕಾಣ್ತೈತಿ! ಗದ್ದಿ ಮೂಲ್ಯಾಗ ಮಾತ್ರ ಮಿಷನ್ ತಿರುಗಲಿಲ್ಲ. ಇಳಿದು ಕೈಲೆ ಊರಿ ಬಂದೆ.’

ದಾವಲ್‌ಬೀ ಕರಗಲಿಲ್ಲ. ‘ಹತ್ತಿದ್ದಕ್ಕ ಯಾರಿಗೆ ಸಿಟ್ಟೈತಿ? ಒಂದು ಮಿರ್ಚಿ ಭಜಿ ತಗೊಂಡ್ರೂ ಹಂಚಿ ತಿನ್ನೋ ಗುಂಪು ನಮ್ಮದು. ನೀ ಒಬ್ಬಾಕೀನ ಹೋಗಿ ಹತ್ತಿ ಬಂದಿ!’

ಇದಕ್ಕೆ ನಾನು ಉತ್ತರ ಕಲಿಸಿರಲಿಲ್ಲ.

‘ತಪ್ಪಾತು ದಾವಲ್. ಮಿಷನ್ ಇನ್ನೂ ಕ್ಯಾಂಪಿನ್ಯಾಗ ಐತಿ. ಈಗ ಹೋಗೂಣೇನು?’

‘ಕನ್ನಡಕ ಮೊದ್ಲು ನನಗ!’

ಹೆಂಗಸರು ಬಂದಿದ್ದ ಆಟೊ ಕ್ಷಣದಲ್ಲಿ ತುಂಬಿತು. ನನಗೆ ಜಾಗವಿರಲಿಲ್ಲ, ವೈರಿಲ್ಲದ ಮೈಕೂ ಅವರ ಜೊತೆಗೇ ಹೋಯಿತು. ಮೊಬೈಲ್ ಹಿಡಿದು ಹಿಂದೆ ಓಡುತ್ತ ಕೂಗಿದೆ: ‘ನಾಳೆ ಗದ್ದಿಗೆ ಬರ್ತೀರೇನ್ರಿ?’

‘ಆಕೀ ಕೂಡನ ಬರ್ತೀವಿ, ಓಡಬ್ಯಾಡ, ಬಿದ್ದೀಯ!’ ಮೈಕಿನಲ್ಲಿ ದಾವಲ್‌ಬೀ.

ಇಡೀ ಸಂದರ್ಶನದಲ್ಲಿ ನಾನು ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ.