‘ಉದ್ಭವಿಸುವುದಿಲ್ಲ’ದ ವಿರುದ್ಧ ಒಂದು ದಂಡಯಾತ್ರೆ

ನನ್ನ ಸರ್ಕಾರಿ ಸೇವೆಯ ಬಹುಭಾಗ ಪ್ರಶ್ನೆಗಳಿಗೆ ಉತ್ತರ ಕೊಡದಿರುವುದರಲ್ಲಿ ಕಳೆಯಿತು. ಇದು ಆತ್ಮನಿಂದೆಯಲ್ಲ, ಹುದ್ದೆಯ ವಿವರಣೆ. ಸೀಸನ್ ಪಾಸು ಹಿಡಿದು ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದು, ಸಚಿವಾಲಯದ ಒಂದು ಶಾಖೆಯಲ್ಲಿ ಕೂರುವುದು, ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗಳಿಗೆ ಮಂತ್ರಿಗಳು ಓದಬೇಕಾದ ಉತ್ತರಗಳನ್ನು ಸಿದ್ಧಪಡಿಸುವುದು, ಸಂಜೆ ಅದೇ ರೈಲಿನಲ್ಲಿ ನಿದ್ದೆ ಮಾಡುತ್ತ ಹಿಂದಿರುಗುವುದು. ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಬಲಗಡೆ ಎಷ್ಟು ಜಾಗ ಖಾಲಿ ಉಳಿಸಿದರೆ ಅಷ್ಟು ಸಮರ್ಥ ನೌಕರ ಎಂದು ಹೆಸರು. ನಾನು ಬಹಳ ಸಮರ್ಥನಾಗಿದ್ದೆ.

ನಿವೃತ್ತನಾದ ಮೇಲೆ ಕುಂಬಾರಕೊಪ್ಪಲಿನ ಮನೆಯಲ್ಲಿ ಒಂದು ವರ್ಷ ಪೇಪರ್ ಓದಿದೆ. ಅದನ್ನು ಸಹಿಸಲಾರದೆ ನಮ್ಮ ಮನೆಯವರು ಪರಿಚಯದ ಶಾಸಕರೊಬ್ಬರಿಗೆ ಹೇಳಿ, ಬೆಳಿಗ್ಗೆ ಎರಡು ಗಂಟೆ ಅವರ ಕಚೇರಿಯಲ್ಲಿ ಕಾಗದಪತ್ರ ಬರೆಯುವ ಕೆಲಸಕ್ಕೆ ನನ್ನನ್ನು ಹೊರಗಟ್ಟಿದರು. ಶಾಸಕರು ಒಳ್ಳೆಯ ಮನುಷ್ಯ, ದೊಡ್ಡ ದನಿ. ಸದನದಲ್ಲಿ ಕೂಗಿದ್ದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂದರೆ ಅರ್ಧ ಕೆಲಸ ಮುಗಿಯಿತೆಂದು ನಂಬಿದ್ದವರು.

ಆಗ ಅವರ ತಲೆನೋವು ಮನೆ ಕಂದಾಯ. ಕ್ಷೇತ್ರದ ಹೊಸ ಬಡಾವಣೆಗಳ ಜನ ದುಡ್ಡು ಹಿಡಿದು ತೆರಿಗೆ ಕಟ್ಟಲು ಬಂದರೆ ಕಟ್ಟಿಸಿಕೊಳ್ಳುವವರೇ ಇಲ್ಲ. ನಾಲ್ಕು ಕೌಂಟರು, ಒಬ್ಬ ಗುಮಾಸ್ತ. ಆನ್‌ಲೈನಿನಲ್ಲಿ ಕಟ್ಟೋಣವೆಂದರೆ ಮೊದಲು ಮನೆಯ ಅಳತೆ ದಾಖಲಾಗಬೇಕು. ದಾಖಲಿಸುವ ಹುದ್ದೆಯೂ ಖಾಲಿ. ಅಷ್ಟರಲ್ಲಿ ಗಡುವು ದಾಟಿ, ತಡಮಾಡಿದ ತಪ್ಪಿಗೆ ದಂಡ. ತೆರಿಗೆ ತಪ್ಪಿಸಿಕೊಳ್ಳುವವರನ್ನು ಸರ್ಕಾರ ಅಟ್ಟಿಸಿಕೊಂಡು ಹೋಗುವುದನ್ನು ಕೇಳಿದ್ದೆ. ತೆರಿಗೆ ಕೊಡುವವರಿಂದ ಸರ್ಕಾರವೇ ತಪ್ಪಿಸಿಕೊಂಡು ಓಡುವುದನ್ನು ಕಂಡದ್ದು ಅದೇ ಮೊದಲು.

ಈ ಖಾಲಿ ಹುದ್ದೆಗಳಲ್ಲಿ ಒಂದರ ಮೇಲೆ ಕಣ್ಣಿಟ್ಟವಳು ನಮ್ಮ ಮಹಡಿಯಲ್ಲೇ ಬಾಡಿಗೆಗಿದ್ದಳು. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವಳು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮುಗಿಸಿ ಬಂದು ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಓದುತ್ತಿದ್ದಳು. ಎಷ್ಟೋ ವರ್ಷದಿಂದ ಆ ಹುದ್ದೆಗೆ ಅರ್ಜಿಯನ್ನೇ ಕರೆದಿರಲಿಲ್ಲ. ಬರುವ ಸಂಕ್ರಾಂತಿ ಕಳೆದ ಮೂರನೇ ದಿನಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಆಮೇಲೆ ಎಷ್ಟು ಓದಿದರೂ ಅದು ಟ್ಯಾಂಕಿಗೆ ಮಾತ್ರ ಉಪಯೋಗ.

ಮಳೆಗಾಲದ ಅಧಿವೇಶನದಲ್ಲಿ ಶಾಸಕರು ಪ್ರಶ್ನೆ ಹಾಕಿದ್ದರು. ಬರೆದುಕೊಟ್ಟಿದ್ದು ನನಗಿಂತ ಮುಂಚೆ ಇದ್ದವರು. ಬಂದ ಉತ್ತರವನ್ನು ಶಾಸಕರು ನನ್ನ ಮುಂದೆ ಹಾಕಿದರು.

“ನೋಡ್ರೀ ಇದ್ನ. ಮೂರು ಪ್ರಶ್ನೆ ಕೇಳಿದ್ರೆ ಮೂರು ಪದ ಬರ್ದವ್ರೆ.”

(ಅ) ತೆರಿಗೆ ಕೌಂಟರುಗಳಲ್ಲಿ ಸಿಬ್ಬಂದಿ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿರುವುದಿಲ್ಲ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ಉದ್ಭವಿಸುವುದಿಲ್ಲ. (ಇ) ಹುದ್ದೆಗಳನ್ನು ಯಾವ ಕಾಲಮಿತಿಯಲ್ಲಿ ತುಂಬಲಾಗುವುದು? ಉದ್ಭವಿಸುವುದಿಲ್ಲ.

ಒಂದು ಕ್ಷಣ ನನ್ನ ಕಣ್ಣು ತೇವವಾಯಿತು. ಅಚ್ಚುಕಟ್ಟಾದ ಕೆಲಸ. ನನ್ನ ಶಾಖೆಯದೇ, ಬಹುಶಃ ನಾನೇ ಪಳಗಿಸಿದ ಕೈಯದು. ಆ ಸಂಜೆ ಇದನ್ನು ಮನೆಯಲ್ಲಿ ಮೆಚ್ಚಿಕೆಯಿಂದ ವರ್ಣಿಸಿದೆ.

ನಮ್ಮ ಮನೆಯವರು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡರು. “ಅಂದ್ರೆ ಮೇಲ್ಗಡೆ ಹುಡ್ಗಿ ಬಾಯಿಗೆ ಮಣ್ಣ್ ಹಾಕಿದ್ದು ನಿಮ್ ಶಿಷ್ಯ ಅನ್ನಿ.”

“ಅವನು ನಿಯಮದ ಪ್ರಕಾರ ಬರೆದಿದ್ದಾನೆ ಕಣೇ.”

“ನೀವೂ ನಿಯಮದ್ ಪ್ರಕಾರನೇ ಬರೀತಿದ್ರಿ. ಪಿಂಚಣಿ ಬತ್ತಾ ಅದೆ. ಅವ್ಳಿಗೇನ್ ಬತ್ತದೆ?”

ಇದಕ್ಕೆ ‘ಉದ್ಭವಿಸುವುದಿಲ್ಲ’ ಎನ್ನುವ ಧೈರ್ಯ ನನಗಿರಲಿಲ್ಲ.

ಮರುದಿನ ಶಾಸಕರ ಮುಂದೆ ನನ್ನ ವೃತ್ತಿರಹಸ್ಯವನ್ನು ಬಯಲುಮಾಡಿದೆ. ನಮ್ಮ ಶಾಸಕರೆಲ್ಲ ಸಭ್ಯತೆಗೆಂದು ಮೊದಲ ಸಾಲಲ್ಲೇ ‘ಗಮನಕ್ಕೆ ಬಂದಿದೆಯೇ’ ಎಂದು ಕೇಳುತ್ತಾರೆ. ಅದು ತಲೆತಲಾಂತರದ ರೂಢಿ. ಬಂದಿಲ್ಲ ಎಂದುಬಿಟ್ಟರೆ ಉಳಿದ ಪ್ರಶ್ನೆಗಳು ಅಲ್ಲೇ ಸಾಯುತ್ತವೆ. ನಾವು ಶಾಖೆಯಲ್ಲಿ ಆ ಸಾಲು ಕಂಡರೆ ಕಾಫಿಗೆ ಎದ್ದು ಹೋಗುತ್ತಿದ್ದೆವು.

ಶಾಸಕರು ಆ ಉತ್ತರದ ಹಾಳೆಯನ್ನು ಮತ್ತೆ ಎತ್ತಿ ಓದಿದರು. “ಎಂಥ ಕಳ್ರು ಕಣ್ರೀ ನೀವು. ಇಷ್ಟ್ ವರ್ಷ ನಾನು ಕೂಗ್ಕಂಡಿದ್ದೆಲ್ಲ ನೀರಲ್ಲಿ ಹೋಮ. ಆಯ್ತು, ನೀವೇ ಬರೀರಿ.”

ಬರೆದೆ. ಗಮನ, ಕ್ರಮ, ಪರಿಶೀಲನೆ ಮುಂತಾದ ಶಬ್ದಗಳನ್ನೆಲ್ಲ ಗಡೀಪಾರು ಮಾಡಿದೆ. ಮಂಜೂರಾದ ಹುದ್ದೆಗಳೆಷ್ಟು? ಭರ್ತಿಯಾಗಿರುವುದೆಷ್ಟು? ಕೊನೆಯ ಬಾರಿ ಅರ್ಜಿ ಕರೆದ ದಿನಾಂಕ ಯಾವುದು? ಅಂದಿನಿಂದ ಕಾಯುತ್ತ ವಯೋಮಿತಿ ಮೀರಿದವರನ್ನೂ ಸೇರಿಸಿ ಮತ್ತೆ ಕರೆಯುವ ದಿನಾಂಕ ಯಾವುದು? ಕೌಂಟರು ಖಾಲಿಯಿದ್ದ ದಿನಗಳ ದಂಡವನ್ನು ಮನ್ನಾ ಮಾಡುವ ದಿನಾಂಕ ಯಾವುದು? ಐದೂ ಪ್ರಶ್ನೆಗಳಿಗೆ ಒಂದೋ ಸಂಖ್ಯೆ ಬರೆಯಬೇಕು, ಇಲ್ಲವೇ ದಿನಾಂಕ. ಕಾಫಿಗೆ ಹೋಗುವಂತಿಲ್ಲ.

ಒಂದೇ ಷರತ್ತು ಹಾಕಿದೆ: “ಕೂಗಬೇಡಿ ಸಾರ್. ಸದನದ ಬಾವಿಗೂ ಇಳೀಬೇಡಿ. ಗಲಾಟೆ ಆದರೆ ಕಲಾಪ ಮುಂದೂಡ್ತಾರೆ, ಉತ್ತರ ತಪ್ಪಿಹೋಗುತ್ತೆ. ದಿನಾಂಕ ಹೇಳೋವರೆಗೆ ಸುಮ್ಮನೆ ನಿಂತಿರಿ.”

“ಸುಮ್ಕೆನಾ?” ಎಂದರು, ಊಟ ಬಿಡಲು ಹೇಳಿದ ಹಾಗೆ.

ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಮಂತ್ರಿಗಳು ಎದ್ದುನಿಂತು ಉತ್ತರಿಸಬೇಕಾದ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸಿದಾಗ ನಮ್ಮದು ಮೊದಲ ಸಾಲಿನಲ್ಲೇ ಬಂತು. ಉತ್ತರದ ದಿನ ಮಹಡಿಯ ಹುಡುಗಿ ಕೆಲಸಕ್ಕೆ ರಜೆ ಹಾಕಿ ನಮ್ಮ ನಡುಮನೆಗೆ ಬಂದಳು. ನಮ್ಮ ಮನೆಯವರು ಅವಳ ಮುಂದೆ ಒಂದು ಮೊರ ಅವರೆಕಾಯಿ ಸುರಿದು, “ಕೈ ಆಡಿಸ್ತಾ ಇರು, ಎದೆ ಹೊಡ್ಕಳಲ್ಲ” ಎಂದರು. ನಾನು ಸದನದ ನೇರಪ್ರಸಾರ ಹಾಕಿ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟೆ.

ಮಂತ್ರಿಗಳು ಸಂಖ್ಯೆಗಳನ್ನು ಓದಿದರು. ದಿನಾಂಕದ ಹತ್ತಿರ ಬಂದಾಗ ಕನ್ನಡಕ ಸರಿಮಾಡಿಕೊಂಡು, “ಶೀಘ್ರದಲ್ಲೇ” ಎಂದರು.

ನಮ್ಮ ಶಾಸಕರು ನಿಂತೇ ಇದ್ದರು. “ಮಾನ್ಯ ಮಂತ್ರಿಗಳೇ, ದಿನಾಂಕ ಹೇಳಿ. ಕೂತ್ಕತೀನಿ.”

ಸಭಾಧ್ಯಕ್ಷರು ಕೂರಲು ಹೇಳಿದರು. ಕೂರಲಿಲ್ಲ, ಕೂಗಲೂ ಇಲ್ಲ. ಈ ಮನುಷ್ಯ ಮೌನವಾಗಿ ನಿಂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಇಡೀ ಸದನಕ್ಕೆ ಗಾಬರಿಯಾಯಿತು. ಎದುರು ಪಕ್ಷದ ಸಾಲಿನಿಂದ ಒಬ್ಬರು, “ನಮ್ಮೂರಲ್ಲೂ ಇದೇ ಗೋಳು, ಹೇಳ್ಬುಡಿ” ಎಂದರು. ಇನ್ನೊಬ್ಬರು ಎದ್ದರು. ಅಧಿಕಾರಿಗಳ ಗ್ಯಾಲರಿಯಿಂದ ಒಂದು ಚೀಟಿ ಮಂತ್ರಿಗಳ ಕೈಗೆ ಬಂತು. ನನ್ನ ಶಿಷ್ಯ ಅಲ್ಲೇ ಎಲ್ಲೋ ಇದ್ದಿರಬೇಕು.

ಮಂತ್ರಿಗಳು ಚೀಟಿ ಓದಿದರು. ಜನವರಿ ಇಪ್ಪತ್ತಕ್ಕೆ ಅಧಿಸೂಚನೆ. ಕಾದು ವಯಸ್ಸು ಮೀರಿದವರಿಗೆ ಈ ಒಂದು ಬಾರಿ ಸಡಿಲಿಕೆ. ದಂಡ ಮನ್ನಾ, ಇದೇ ವಾರ ಆದೇಶ.

ಶಾಸಕರು ಕೂತರು.

ಅವಳು ಅವರೆಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು. “ಸಾರ್, ಇದು ನಿಜಕ್ಕೂ ಆಯ್ತದಾ?”

“ಸದನದಲ್ಲಿ ಹೇಳಿದ ದಿನಾಂಕ ತಾಯಿ. ತಪ್ಪಿದರೆ ಭರವಸೆ ಸಮಿತಿ ಮುಂದೆ ಕೈಕಟ್ಟಿ ನಿಲ್ಲಬೇಕು. ಆ ಕಷ್ಟ ನಾನು ಪಟ್ಟಿದ್ದೀನಿ.”

ಆಯಿತು. ಅಧಿಸೂಚನೆ ಬಂತು, ಪರೀಕ್ಷೆ ಬಂತು, ಪಟ್ಟಿ ಬಂತು. ಪಟ್ಟಿಯಲ್ಲಿ ಅವಳ ಹೆಸರನ್ನು ಕೆಳಗಿನಿಂದ ಹುಡುಕುತ್ತ ಹೋದ ನಾವು ಬಹಳ ಹೊತ್ತು ಹುಡುಕಬೇಕಾಯಿತು, ಮೇಲಿನಿಂದ ಆರನೆಯದಾಗಿತ್ತು.

ಅವಳು ಕೆಲಸಕ್ಕೆ ಸೇರಿದ ವಾರ ಶಾಸಕರು ಹಾರ, ಫೋಟೋದವರು ಮತ್ತು ನನ್ನನ್ನು ಕರೆದುಕೊಂಡು ತೆರಿಗೆ ಕಚೇರಿಗೆ ಹೊರಟರು. ವಿಜಯೋತ್ಸವವೆಂದ ಮೇಲೆ ಇಷ್ಟಾದರೂ ಬೇಡವೆ. ನಾಲ್ಕೂ ಕೌಂಟರಿನಲ್ಲಿ ಜನ, ನಾಲ್ಕರ ಹಿಂದೆಯೂ ಗುಮಾಸ್ತರು. ಶಾಸಕರು ಸೀದಾ ಅವಳ ಕಿಂಡಿಯ ಮುಂದೆ ಹೋಗಿ ಹಾರ ಎತ್ತಿದರು.

ಅವಳು ರಸೀತಿಯಿಂದ ತಲೆಯೆತ್ತಿ ಕೈಮುಗಿದಳು. “ಒಂಚೂರು ಪಕ್ಕಕ್ಕೆ ಬನ್ನಿ ಸಾರ್. ಈ ಅಜ್ಜಿದು ಮುಗಿಸ್ಬುಡ್ತೀನಿ, ಬೆಳಿಗ್ಗೆಯಿಂದ ನಿಂತವ್ರೆ.”

ಶಾಸಕರು ಹಾರ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು.