ಒಬ್ಬಾಕಿ ತೆಲುಗು ಸಾಲಿಗೆ, ಒಬ್ಬಾಕಿ ಕನ್ನಡ ಸಾಲಿಗೆ

ಕುರುಗೋಡಿನ ಶಾಲೆಯಲ್ಲಿ ನಾನೂ ನನ್ನ ತಂಗಿಯೂ ಜೊತೆಯಾಗಿ ಕೂತ ಕಡೆಯ ದಿನ ಬೇರೆ ದಿನಗಳ ಹಾಗೇ ಇತ್ತು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಒಂದನೇ ಕ್ಲಾಸಿನವರು ಕಿಟಕಿಯ ಕಡೆ ಕೂಡಬೇಕು, ಎರಡನೆಯವರು ಗೋಡೆಯ ಕಡೆ. ನನಗಿಂತ ಒಂದು ವರ್ಷ ಚಿಕ್ಕವಳಾದ ಅವಳು ಒಂದನೇ ಕ್ಲಾಸು, ನಾನು ಎರಡನೇದು. ಆದರೂ ಮೇಷ್ಟ್ರು ಆ ಕಡೆ ತಿರುಗಿದಾಗಲೆಲ್ಲ ಅವಳು ಕೂತಲ್ಲೇ ಸರಿಯುತ್ತ ಸರಿಯುತ್ತ ಬಂದು ನನ್ನ ಪಕ್ಕ ಸೇರಿಬಿಡುತ್ತಿದ್ದಳು. ಮೊದಮೊದಲು ಎಬ್ಬಿಸಿ ಕಳಿಸುತ್ತಿದ್ದ ಮೇಷ್ಟ್ರು ಆಮೇಲೆ ಬಿಟ್ಟುಬಿಟ್ಟಿದ್ದರು. ಆ ದಿನ ನಾನು ಮಗ್ಗಿ ತಪ್ಪಿದೆ. ನನ್ನ ಬದಲು ಅವಳು ಹೇಳಿದಳು.

"ಅಕ್ಕನ ಪಾಠ ತಂಗಿಗೆ ಬಂತು. ತಂಗಿ ಪಾಠ ಯಾರಿಗೆ ಬಂತವ್ವ?" ಎಂದು ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆ ತಂಗಿ ತೀರಿಕೊಂಡು ಈಗ ವರ್ಷ ತುಂಬಿತು. ಅವಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಕೋಣೆ, ನೆಲದ ಮೇಲೆ ಸರಿದು ಸರಿದು ಸೆಗಣಿಯ ಬಣ್ಣ ಹತ್ತಿದ ಅವಳ ಲಂಗ.

ಅಪ್ಪ ಊರಿನ ಹತ್ತಿ ಮಿಲ್ಲಿನಲ್ಲಿ ತೂಕ ಮಾಡುವ ಕೆಲಸದಲ್ಲಿದ್ದ. ಆ ಸಂಜೆ ಬಂದವನೇ, ಮಾಲೀಕರು ತನ್ನನ್ನು ಬಳ್ಳಾರಿಯ ಮಿಲ್ಲಿಗೆ ಕಳಿಸುತ್ತಿದ್ದಾರೆ, ಮನೆಮಂದಿಯೆಲ್ಲ ನಾಳೆಯೇ ಹೊರಡಬೇಕು ಎಂದ. ಅವ್ವ ಕೇಳಿದ್ದು ಒಂದೇ ಮಾತು: "ಅಲ್ಲಿ ಈ ಹುಡುಗ್ಯಾರಿಗೆ ಸಾಲಿ ಎಲ್ಲೈತ್ರಿ?"

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಟೀಚರ್ ಆಗಬೇಕು ಎಂಬುದು ಅವಳ ಆಸೆ. ಕೈಗಡಿಯಾರ ಕಟ್ಟಿಕೊಂಡು ಶಾಲೆಗೆ ಹೋಗುವ ಒಬ್ಬ ಟೀಚರಮ್ಮನನ್ನು ಅವಳು ಎಲ್ಲೋ ನೋಡಿದ್ದಳು.

ದೇಶಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ನಾವಿನ್ನೂ ಮದ್ರಾಸಿಗೆ ಸೇರಿದವರು. ತೆಲುಗಿನವರಿಗೆ ಬೇರೆ ರಾಜ್ಯ ಆಗುತ್ತದೆ, ಬಳ್ಳಾರಿ ಅಲ್ಲಿಗೆ ಹೋಗುತ್ತದೋ ಮೈಸೂರಿಗೆ ಹೋಗುತ್ತದೋ ಎಂದು ಕಟ್ಟೆಕಟ್ಟೆಗಳಲ್ಲಿ ಮಾತು. ಬಳ್ಳಾರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಗೆ ಹತ್ತಿರದಲ್ಲೇ ಎರಡು ಶಾಲೆ. ನಮ್ಮ ಓಣಿಯ ಕೊನೆಗೆ ತೆಲುಗು ಶಾಲೆ, ರೈಲು ಗೇಟು ದಾಟಿದರೆ ಕನ್ನಡ ಶಾಲೆ. ಮನೆಯ ಒಡತಿ ತೆಲುಗಿನ ಅಜ್ಜಿ. ಅವಳ ಮಕ್ಕಳು ಮೊಮ್ಮಕ್ಕಳೆಲ್ಲ ಓಣಿಯ ಶಾಲೆಯಲ್ಲೇ ಓದಿದವರು.

"ಏಮ್ಮಾ, ಗೇಟು ದಾಟಿ ಯಾಕ ಕಳಿಸ್ತಿ? ನಮ್ಮ ಸಾಲ್ಯಾಗ ಬಂಡೆ ಹಾಸ್ಯಾರ, ತಣ್ಣಗಿರತೈತಿ. ಆ ಕಡೀದ್ರಾಗ ಬರೇ ಮಣ್ಣು" ಎಂದಳು ಅಜ್ಜಿ.

"ಕುಡಿಯಾಕ ನೀರು ಐತೇನಮ್ಮ?"

"ಹಂಡೆ ತುಂಬಿಸಿ ಇಟ್ಟಿರತಾರ."

"ಹೊಡೀತಾರಂತ?"

"ಹೊಡೀತಾರ ಮತ್ತ! ನನ್ನ ಮಗಂಗೆ ಹೊಡೆದ ಮೇಲೇ ಬುದ್ಧಿ ಬಂತು."

ಅಜ್ಜಿಯ ಆ ಮಗ ಆಗ ಒಳಗೆ ಮಲಗಿದ್ದ. ನಡುಮಧ್ಯಾಹ್ನ. ಅವ್ವ ಒಳಗೆ ಇಣುಕಿ ನೋಡಿದಳು.

ಒಂದು ಸಂಜೆ ಅಪ್ಪ ಅವ್ವ ನಮ್ಮನ್ನೂ ಕರೆದುಕೊಂಡು ಎರಡೂ ಶಾಲೆ ನೋಡಲು ಹೊರಟರು. ಅಪ್ಪ ಹತ್ತಿಯ ಮೂಟೆ ನೋಡುವವರ ಹಾಗೆ ಕಂಬ ತಟ್ಟಿದ, ಮಾಳಿಗೆ ನೋಡಿದ. ಅವ್ವ ಕಟ್ಟಡದ ಕಡೆ ತಿರುಗಿಯೂ ನೋಡಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಎದುರಿಗೆ ನಿಂತು ಮಕ್ಕಳು ಹೊರಗೆ ಬರುವುದನ್ನು ನೋಡಬೇಕು ಎಂದಳು. ತೆಲುಗು ಶಾಲೆಯ ಮಕ್ಕಳು ಸಾಲಾಗಿ ಬಂದರು. ಗೇಟಿನಾಚೆಯ ಶಾಲೆ ಅದಕ್ಕಿಂತ ತಡವಾಗಿ ಬಿಡುತ್ತಿತ್ತು. ನಾವು ಅಲ್ಲಿಗೆ ಹೋಗಿ ನಿಂತಾಗ ಮಕ್ಕಳು ಕೂಗುತ್ತ ಓಡಿ ಬಂದರು.

"ಸಾಲಾಗಿ ಬರೋದು ಛಲೋ" ಎಂದ ಅಪ್ಪ.

"ಸಾಲಾಗಿ ಬರೋ ಹುಡುಗ್ರು ಹೆದರಿರತಾವ."

"ಓಡಿ ಬರೋವು?"

"ಹಸಿದಿರತಾವ" ಎಂದಳು ಅವ್ವ. ಅವಳಿಗೆ ಕನ್ನಡ ಶಾಲೆ ಹಿಡಿಸಿತ್ತು.

ಅಷ್ಟರಲ್ಲಿ ಸಿರುಗುಪ್ಪದಿಂದ ನಮ್ಮ ಸೋದರಮಾವ ಮಂಡಿಗೆ ಭತ್ತ ಹಾಕಲು ಬಂದ. ಊಟಕ್ಕೆ ಕೂತಾಗ ಶಾಲೆಯ ಮಾತು ಎದ್ದಿತು.

"ಭಾವ, ನಮ್ಮ ಕಡಿ ಎಲ್ಲಾರೂ ಅನ್ನೋದು ಬಳ್ಳಾರಿ ಆಂಧ್ರಕ್ಕ ಅಂತ. ಕನ್ನಡ ಓದಿಸಿ ನಾಳೆ ಇವರಿಗೆ ಯಾರು ನೌಕರಿ ಕೊಡ್ತಾರ?"

"ಮೈಸೂರಿಗೆ ಹೋದ್ರ?"

"ಹೋದ್ರ ತೆಲುಗು ಓದಿದವರು ಕೆಟ್ಟರು."

"ಲೇ ತಮ್ಮಾ, ಯಾವುದಾರ ಒಂದು ಹೇಳು" ಎಂದಳು ಅವ್ವ.

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. "ಒಬ್ಬಾಕಿನ್ನ ಅಲ್ಲಿ, ಒಬ್ಬಾಕಿನ್ನ ಇಲ್ಲಿ ಹಾಕೋಣು. ಊರು ಯಾವ ಕಡೀಗರ ಹೋಗಲಿ, ಒಬ್ಬಾಕಿದು ಉಳೀತೈತಿ" ಎಂದ.

ಮಾವ ಇದು ಬಹಳ ಜಾಣತನ ಎಂದ. ಚಿಕ್ಕವಳಿಗೆ ಗೇಟು ದಾಟುವ ಭಯ ಬೇಡ, ತೆಲುಗಿನಲ್ಲಿ ಮತ್ತೆ ಮೊದಲಿಂದ ಶುರು ಮಾಡಿದರೂ ಅವಳಿಗೆ ಹೋಗುವುದು ಒಂದೇ ವರ್ಷ. ಹೀಗೆ ಅವಳು ತೆಲುಗಿಗೆ, ನಾನು ಕನ್ನಡಕ್ಕೆ ಎಂದಾಯಿತು. ನಮ್ಮನ್ನು ಯಾರೂ ಕೇಳಲಿಲ್ಲ. ಆಗ ಮಕ್ಕಳನ್ನು ಕೇಳುವ ಪದ್ಧತಿಯೂ ಇರಲಿಲ್ಲ.

ಒಂದು ವಾರ ಅವಳು ಅತ್ತುಕೊಂಡು ಹೋದಳು. ಆಮೇಲೆ ಒಂದು ದಿನ ನಾನು ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಹಿಂದೆ ಅವಳು. ನನ್ನ ಜೊತೆಗೇ ಬಂದು ನನ್ನ ಕ್ಲಾಸಿನಲ್ಲೇ ಕೂತಳು. ಹೊಸ ಮೇಷ್ಟ್ರಿಗೆ ಗೊತ್ತಾದದ್ದು ಹಾಜರಿ ಕೂಗಿದಾಗ. ಊಟದ ಹೊತ್ತಿಗೆ ಅವ್ವನಿಗೆ ಹೇಳಿ ಕಳಿಸಿದರು. ಹೆಡ್‌ಮೇಷ್ಟ್ರು ವಯಸ್ಸಾದವರು, ಒಳ್ಳೆಯವರು. ಅವ್ವ ತಲೆ ತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು.

"ಬಂದಾಳಲ್ರಿ, ಇರಲಿ ಬಿಡ್ರಿ."

"ಆಗಂಗಿಲ್ಲಮ್ಮ. ಆ ಸಾಲಿಯವರು ಟೀಸಿ ಕೊಡಬೇಕು. ವರ್ಷದ ನಡುವ ಕೊಡಂಗಿಲ್ಲ. ಊರು ಬಿಟ್ಟು ಹೋಗೋರಿಗೆ ಮಾತ್ರ ಕೊಡ್ತಾರ."

"ಹಂಗಾದ್ರ ನಾವು ಊರು ಬಿಟ್ಟು ಹೋಗಿ ಮತ್ತ ಬರ್ತೀವಿ ತಗೋರಿ."

ಹೆಡ್‌ಮೇಷ್ಟ್ರು ಜೋರಾಗಿ ನಕ್ಕರು. ಜೂನ್ ತಿಂಗಳಲ್ಲಿ ಟೀಸಿ ತಂದರೆ ಸೇರಿಸಿಕೊಳ್ಳುತ್ತೇನೆ, ಆದರೆ ತೆಲುಗಿನಿಂದ ಬಂದವರನ್ನು ಇಲ್ಲಿ ಒಂದನೇ ಕ್ಲಾಸಿಗೇ ಹಾಕಬೇಕು ಎಂದರು. ತಂಗಿಯ ತಲೆ ಸವರಿ, "ಜೂನ್ ತನಕ ಆ ಕಡಿ ಹೋಗವ್ವ" ಎಂದರು. ಅವ್ವ ಅವಳನ್ನು ಸೊಂಟಕ್ಕೆ ಎತ್ತಿಕೊಂಡು ಗೇಟು ದಾಟಿದಳು. ಎತ್ತಿಕೊಳ್ಳುವ ವಯಸ್ಸು ಅವಳಿಗೆ ಆಗಲೇ ಮೀರಿತ್ತು.

ಆ ವರ್ಷವೆಲ್ಲ ನಾವು ಜೂನ್ ಯಾವಾಗ ಬರುತ್ತದೆ ಎಂದು ಕಾದೆವು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅವಳು ಮುಖ ತೊಳೆದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವಳ ಶಾಲೆಯ ಸುದ್ದಿ ಮೊದಲು, ನನ್ನದು ಆಮೇಲೆ. ಸುದ್ದಿ ಹೇಳುವಾಗ ಅವಳ ಮಾತಿನಲ್ಲಿ ದಿನದಿನಕ್ಕೆ ತೆಲುಗು ಹೆಚ್ಚಾಯಿತು. ನನಗೆ ಅರ್ಥವಾಗುತ್ತಿತ್ತು. ಆದರೆ ಅವಳ ಪುಸ್ತಕ ತೆರೆದರೆ ಒಂದು ಅಕ್ಷರ ಗುರುತು ಸಿಕ್ಕರೆ ಮುಂದಿನದು ಸಿಗುತ್ತಿರಲಿಲ್ಲ.

ಜೂನ್ ಬಂತು. ಅಪ್ಪನಿಗೆ ಮನಸ್ಸಿರಲಿಲ್ಲ, ಆದರೆ ಅವ್ವನ ಹಟಕ್ಕೆ ಒಪ್ಪಿದ. ಟೀಸಿ ಕೇಳಲು ಹೊರಟು ಚಪ್ಪಲಿ ಮೆಟ್ಟಿದವನು, ಹೋಗುವ ಮೊದಲು ಅವಳನ್ನು ಕರೆದು ವಿಷಯ ಹೇಳಿದ. ಅವಳು ನಡುವಿನಲ್ಲೇ ತಡೆದಳು.

"ಮತ್ತ ಒಂದನೇ ಕ್ಲಾಸಾ? ಕುರುಗೋಡಿನ್ಯಾಗ ಒಂದನೇ ಕ್ಲಾಸು, ಇಲ್ಲೂ ಒಂದನೇ ಕ್ಲಾಸು, ಅಲ್ಲೂ ಒಂದನೇ ಕ್ಲಾಸಾ?"

"ಹೂಂ."

"ಅಕ್ಕನ ಬಾಜೂಕ ಕೂಡಸ್ತಾರಾ?"

"ಅಕ್ಕ ಬ್ಯಾರೆ ಕ್ಲಾಸು. ಬ್ಯಾರೆ ಕೋಣಿ."

ಅವಳು ನನ್ನ ಮುಖ ನೋಡಿದಳು. "ಹಂಗಾದ್ರ ಬ್ಯಾಡ" ಎಂದಳು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ನಮ್ಮ ಮನೆಯಲ್ಲಿ ಶಾಲೆ ಬದಲಿಸುವ ಮಾತು ಆಮೇಲೆ ಏಳಲಿಲ್ಲ.

ಅವಳು ತೆಲುಗಿನಲ್ಲಿ ಓದುತ್ತಿರುವಾಗಲೇ ಬಳ್ಳಾರಿ ಮೈಸೂರಿಗೆ ಸೇರಿತು. ಓಣಿಯಲ್ಲಿ ಕೆಲವರು ಸಕ್ಕರೆ ಹಂಚಿದರು, ಕೆಲವರು ಬಾಗಿಲು ಹಾಕಿಕೊಂಡರು. ಅಜ್ಜಿ ಆ ದಿನ ನಮ್ಮೊಡನೆ ಮಾತಾಡಲಿಲ್ಲ. ಅಪ್ಪ ನನ್ನನ್ನು ನೋಡಿ, "ನಿಂದು ಉಳೀತು ನೋಡವ್ವ" ಎಂದ. ತಂಗಿ ಅಲ್ಲೇ ಇದ್ದಳು.

ಆದರೆ ಅಪ್ಪನ ಲೆಕ್ಕದಂತೆ ಏನೂ ನಡೆಯಲಿಲ್ಲ. ಎಂಟನೇ ಕ್ಲಾಸು ಮುಗಿಯುತ್ತಲೇ ನಾನು ಸಿರುಗುಪ್ಪದ ಮಾವನ ಮನೆಗೇ ಸೊಸೆಯಾದೆ. ಅವಳು ಓದಿದಳು. ಟ್ರೇನಿಂಗಿಗೆ ಆಂಧ್ರದ ಆದೋನಿಗೆ ಹೋದಳು, ಅಲ್ಲೇ ಕೆಲಸ, ಅಲ್ಲೇ ಮದುವೆ. ಅವ್ವ ಬಯಸಿದ ಟೀಚರ್ ಅವಳಾದಳು. ಮೊದಲ ಸಂಬಳದಲ್ಲಿ ಕೈಗಡಿಯಾರ ಕೊಂಡು, ಅವ್ವನಿಗೆ ತೋರಿಸಲೆಂದೇ ಬಳ್ಳಾರಿಗೆ ಬಂದು ಹೋದಳು. ನನ್ನನ್ನೂ ಎಷ್ಟೋ ಸಲ ಕರೆದಳು, "ಬಾರಕ್ಕ, ನನ್ನ ಸಾಲಿ ನೋಡು" ಎಂದು. ನಾನು ಆದೋನಿಗೆ ಹೋಗುತ್ತಿದ್ದುದು ಮದುವೆ, ಬಾಣಂತನ, ಹಬ್ಬಗಳಿಗೆ. ಆಗೆಲ್ಲ ಅವಳು ರಜೆ ಹಾಕಿ ಮನೆಯಲ್ಲಿರುತ್ತಿದ್ದಳು.

ಹೋದ ವರ್ಷ ಅವಳನ್ನು ಮಣ್ಣಿಗೆ ಇಡುವಾಗ ಅವಳ ಹತ್ತಿರ ಓದಿದವರು ಬಹಳ ಜನ ಬಂದಿದ್ದರು. ಕೆಲವರಿಗೆ ತಲೆ ನರೆತಿತ್ತು. ಟೀಚರಮ್ಮ ಲೆಕ್ಕ ಹೇಗೆ ಹೇಳಿಕೊಡುತ್ತಿದ್ದರು, ಹೇಗೆ ಗದರುತ್ತಿದ್ದರು, ಗದರಿದ ಮೇಲೆ ಹೇಗೆ ತಾವೇ ನಕ್ಕುಬಿಡುತ್ತಿದ್ದರು ಎಂದು ತೆಲುಗಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನು ಅವರ ನಡುವೆ ಕೂತು ಕೇಳಿದೆ. ಅವರಿಗೆಲ್ಲ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ನನ್ನ ತಂಗಿ ಪಾಠ ಮಾಡುವುದನ್ನು ನಾನು ಒಂದು ದಿನವೂ ನೋಡಲಿಲ್ಲ.