ಅವಳ ಫಾರ್ಮಿನಲ್ಲಿ ನಾನು ಹಾಕಿದ ಗುರುತು

ನಾನು ಓದಿದ ಕನ್ನಡ ಶಾಲೆಯನ್ನು ಕೆಡವಿ ಏಳು ಮಹಡಿಯ ಹೊಸ ಕಟ್ಟಡ ಕಟ್ಟಬೇಕೆಂದು ಟ್ರಸ್ಟಿನವರು ಯೋಜನೆ ಹಾಕಿದಾಗ, ಪಾಲಕರ ಅಭಿಪ್ರಾಯ ಕೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮುಂಬೈಯ ಘಾಟ್ಕೋಪರಿನಲ್ಲೇ ಹುಟ್ಟಿ ಬೆಳೆದವಳು ನಾನು. ಬ್ಯಾಂಕಿನ ನೌಕರಿಯಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಮಾತು ಧಾರವಾಡದ್ದಾದ್ದರಿಂದ ಆ ಕಡೆಯ ಪಾಲಕರ ಮನೆಗಳನ್ನೆಲ್ಲ ನನಗೇ ವಹಿಸಿದರು.

ಕಟ್ಟಡದ ಮೊದಲ ಹಂತ ಮುಗಿಯುವವರೆಗೆ, ಅಂದರೆ ಮೂರು ವರ್ಷ, ತರಗತಿಗಳು ರೈಲು ಹಳಿಯ ಆಚೆ ಬಾಡಿಗೆ ಜಾಗದಲ್ಲಿ ನಡೆಯಬೇಕಿತ್ತು. ಅದಕ್ಕೆ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದೇ ಫಾರ್ಮಿನ ಮುಖ್ಯ ಪ್ರಶ್ನೆ. ಕೆಳಗೆ ಸಲಹೆ ಬರೆಯಲು ಎರಡು ಗೆರೆ ಎಳೆದಿದ್ದರು. ಟ್ರಸ್ಟಿನ ಅಧ್ಯಕ್ಷರು ಉಡುಪಿ ಕಡೆಯವರು, ಮಾಟುಂಗದಲ್ಲಿ ಹೋಟೆಲ್ ನಡೆಸುವವರು. ಫಾರ್ಮುಗಳ ಕಟ್ಟನ್ನು ನನ್ನ ಕೈಗಿಡುತ್ತ, "ಎಲ್ಲರದ್ದೂ ಒಪ್ಪಿಗೆ ಬಂದ್ರೆ ಕೆಲಸ ಬೇಗ ಆಗ್ತದೆ ಮೇಡಂ. ಸ್ವಲ್ಪ ಹೇಳಿ ಒಪ್ಪಿಸಿ," ಎಂದಿದ್ದರು.

ಕೊನೆಗೆ ಉಳಿದದ್ದು ಶಾಲೆಯ ಹಿಂದಿನ ಚಾಳಿನ, ಅಂದರೆ ಒಂಟಿಕೋಣೆಯ ಮನೆಗಳ ಸಾಲಿನ, ಒಂದು ಮನೆ. ಆ ಮನೆಯಾಕೆ ವಿಜಯಪುರ ಕಡೆಯವಳು, ಎರಡು ಬಿಲ್ಡಿಂಗುಗಳಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಗೋರೆಗಾಂವದಲ್ಲಿ ವಾಚ್‌ಮನ್. ಒಬ್ಬಳೇ ಮಗಳು ಮೂರನೆಯ ತರಗತಿ.

"ನನಗ ಓದಾಕ ಬರಂಗಿಲ್ರಿ ಅಕ್ಕಾರ. ನಾ ಹೇಳ್ತೀನಿ, ನೀವ ಬರ್ಕೋರಿ," ಎಂದಳು. "ಮುಂಜಾನೆ ಆರಕ್ಕ ನಾ ಕೆಲಸಕ್ಕ ಹೋಗಬೇಕು. ಈಗ ಸಾಲಿ ಗಲ್ಲಿ ತುದಿಗೇ ಐತಿ, ಒಬ್ಬಾಕೇನ ಹೋಗ್ತಾಳ. ಸ್ಟೇಷನ್ ಬ್ರಿಜ್ ಮ್ಯಾಲೆ, ಆ ಗದ್ದಲದಾಗ, ಹೆಂಗ ಕಳಸ್ಲಿ? ಹೊಸಾ ಬಿಲ್ಡಿಂಗ್ ಬ್ಯಾಡ ಅನ್ನಂಗಿಲ್ಲ, ಕಟ್ಟಲಿ. ಸಣ್ಣ ಹುಡುಗ್ರಿಗೆ ಇಲ್ಲೇ ಎಲ್ಯಾರ ಎರಡು ಖೋಲಿ ಹಿಡೀರಿ ಅಂತ ಬರೀರಿ."

"ಬರೀತೀನಿ ತಗೋ," ಎಂದೆ. ಬರೆದದ್ದು ಮಾತ್ರ, 'ಮನೆಗೆ ಹತ್ತಿರವಿದ್ದರೆ ಒಳ್ಳೆಯದು' ಎಂದಷ್ಟೇ. ಮೇಲೆ 'ಒಪ್ಪಿಗೆ ಇದೆ' ಎಂಬಲ್ಲಿ ಟಿಕ್ ಹಾಕಿದೆ. ಕಟ್ಟಡ ಬೇಡ ಎಂದೇನೂ ಆಕೆ ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಒಂದೂ 'ಇಲ್ಲ' ಇರದ ಕಟ್ಟನ್ನು ಅಧ್ಯಕ್ಷರ ಕೈಗೆ ಒಪ್ಪಿಸುವ ಆಸೆ ನನಗಿತ್ತು. ಆಕೆ ಪೆನ್ನು ತೆಗೆದುಕೊಂಡು, ಮಗಳು ಕಲಿಸಿದ ಸಹಿಯನ್ನು ಒಂದೊಂದೇ ಅಕ್ಷರ ಕೂಡಿಸುತ್ತ ನಿಧಾನವಾಗಿ ಬರೆದಳು. ಅಷ್ಟು ಹೊತ್ತಿನಲ್ಲಿ ಆ ಗುರುತನ್ನು ಹೊಡೆದುಹಾಕಬಹುದಿತ್ತು. ಹೊಡೆದುಹಾಕಲಿಲ್ಲ.

ಮುಂದಿನ ಭಾನುವಾರ ಶಾಲೆಯ ಹಾಲಿನಲ್ಲಿ ಪಾಲಕರ ಸಭೆ. ಎಲ್ಲರ ಒಪ್ಪಿಗೆಯೂ ಸಿಕ್ಕಿದೆ ಎಂದು ಅಧ್ಯಕ್ಷರು ಹೇಳುತ್ತಿದ್ದಂತೆ ಹಿಂದಿನ ಸಾಲಿನಿಂದ ಆಕೆ ಎದ್ದು ನಿಂತಳು. "ನಾ ಒಲ್ಲೆ ಅಂದಿದ್ನೆಲ್ರಿ," ಎಂದಳು.

ಅಧ್ಯಕ್ಷರು ಕಟ್ಟು ಬಿಚ್ಚಿ ಹುಡುಕಿದರು. "ನಿಮ್ಮದು ಒಪ್ಪಿಗೆ ಅಂತಲೇ ಉಂಟಲ್ಲಮ್ಮ. ಸಹಿಯೂ ಉಂಟು."

ಆಕೆ ನನ್ನ ಕಡೆ ತಿರುಗಿದಳು. "ಹೌದೇನ್ರಿ ಅಕ್ಕಾರ?"

"ಆಮ್ಯಾಲೆ ಮಾತಾಡೂಣು," ಎಂದೆ. ಆಕೆ ಕುಳಿತಳು. ಗೋಡೆಯ ಮೇಲೆ ಹೊಸ ಕಟ್ಟಡದ ಚಿತ್ರ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಭೆ ಮುಗಿದ ಮೇಲೆ ಆಕೆಯನ್ನು ಮಾತಾಡಿಸಲು ನಿಲ್ಲದೆ ಪಕ್ಕದ ಬಾಗಿಲಿನಿಂದ ಹೊರಬಿದ್ದೆ.

ಜೂನಿನಲ್ಲಿ ತರಗತಿಗಳು ಹಳಿಯ ಆಚೆ ಹೋದವು. ಒಂದು ದಿನ ಅಲ್ಲಿಗೆ ಹೋಗಿ ನೋಡಿದರೆ ನಾಲ್ಕನೆಯ ತರಗತಿಯ ಹಾಜರಿಯಲ್ಲಿ ಆಕೆಯ ಮಗಳು ಇರಲಿಲ್ಲ. ಚಾಳಿನ ಹತ್ತಿರದ ಮರಾಠಿ ಶಾಲೆಗೆ ಹಾಕಿದರಂತೆ ಎಂದು ಟೀಚರ್ ಹೇಳಿದರು.

ಮೂರ್ನಾಲ್ಕು ದಿನ ತಡೆದೆ. ಕೊನೆಗೆ ಅಧ್ಯಕ್ಷರ ಹೋಟೆಲಿಗೇ ಹೋಗಿ, ಆ ಗುರುತು ಹಾಕಿದ್ದು ನಾನೇ, ಹಳಿಯ ಆಚೆಯ ಜಾಗ ಆಕೆ ಬೇಡವೆಂದಿದ್ದಳು ಎಂದು ಹೇಳಿದೆ.

ಅವರು ಗಲ್ಲಾದ ಮೇಲಿದ್ದ ಬಿಲ್ಲುಗಳನ್ನು ಜೋಡಿಸಿಟ್ಟರು. "ಒಂದು ಫಾರ್ಮಿನಿಂದ ಎಂತ ಆಗ್ತದೆ? ಬಿಡಿ ಮೇಡಂ."

ಬಿಡಲಿಲ್ಲ. ನಡೆದದ್ದನ್ನು ಬರೆದು ಟ್ರಸ್ಟಿನ ಕಮಿಟಿಗೆ ಕೊಟ್ಟೆ. ಮತ್ತೆ ಮನೆಮನೆಗೆ ಹೋದಾಗ ಇನ್ನೂ ನಾಲ್ವರು ತಾಯಂದಿರು ಅದೇ ತೊಂದರೆ ಹೇಳಿಕೊಂಡರು. ದೀಪಾವಳಿಯ ನಂತರ ಸಣ್ಣ ಮಕ್ಕಳಿಗಾಗಿ ಒಂದು ವ್ಯಾನ್ ಗೊತ್ತುಮಾಡಿದರು.

ಈ ಸುದ್ದಿ ಹೇಳಲು ಆಕೆಯ ಮನೆಗೆ ಹೋದೆ. ಚಹಾ ಮಾಡಿ ಕೊಟ್ಟಳು. ಪೂರ್ತಿ ಕೇಳಿಸಿಕೊಂಡು, "ಮರಾಠಿ ತಿಳೀವಲ್ದಂತ ಎರಡು ತಿಂಗಳು ಅತ್ತಾಳ್ರಿ. ಈಗ ಗೆಳತ್ಯಾರು ಆಗ್ಯಾರ. ಮತ್ತ ಅಲ್ಲಿಂದ ಎಬ್ಬಸೂದು ಬ್ಯಾಡ," ಎಂದಳು.

"ತಪ್ಪು ನಂದ," ಎಂದೆ.

"ಸಹಿ ಮಾಡೂ ಮುಂದ ಏನ್ ಬರದೀರಿ ಅಂತ ನಾನರೆ ಕೇಳಬೇಕಿತ್ತು. ಕೇಳಿದ್ರ ನಿಮಗ ಬ್ಯಾಸರಾದೀತು ಅಂತ ಸುಮ್ಮನಾದೆ."

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಇವತ್ತು ಯಾವ ಪಾಠ ಆಯಿತೆಂದು ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಟ್ಟಳು. "ಅಕ್ಕಾರ ಕನ್ನಡದಾಗ ಕೇಳಾಕತ್ತಾರ, ಕನ್ನಡದಾಗ ಹೇಳು," ಎಂದು ತಾಯಿ ಗದರಿದಳು.

"ಇರಲಿ ಬಿಡು," ಎಂದೆ. ಅವಳ ಕನ್ನಡ ಶಾಲೆ ತಪ್ಪಿಸಿದ ನನಗೆ ಹಾಗೆ ಹೇಳುವ ಹಕ್ಕಿಲ್ಲವೆಂದು ಹೇಳಿದ ಮೇಲೆ ಹೊಳೆಯಿತು.